ಎರಡು ಅಮಾವಾಸ್ಯೆಯ ಧೂಳು

ಕಳೆದ ವಾರ ಹೊಸಪೇಟೆಯಿಂದ ಇಬ್ಬರು ಕಂಪ್ಲಿಗೆ, ನಮ್ಮ ಮನೆಗೆ ಬಂದಿದ್ದರು. ನಾನು ಓದಿದ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಶಾಲೆಯ ವಿಜ್ಞಾನ ಮೇಷ್ಟ್ರು ನಿವೃತ್ತರಾದರಂತೆ. ಅವರಿಗೊಂದು ಅಭಿನಂದನಾ ಗ್ರಂಥ ತರುತ್ತಾರಂತೆ. ಇಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನೂ ಅದಕ್ಕೆ ನಾಲ್ಕು ಪುಟ ಬರೆಯಬೇಕಂತೆ.

“ಒಳ್ಳೇವು ನಾಕು ಮಾತು ಬರೀರಿ ಮೇಡಂ. ನಿಮ್ಮ ಹೆಸರು ಸರ್ ತಾವಾಗೇ ಹೇಳ್ಯಾರ. ನಮ್ಮ ಹುಡುಗಿ, ಬಿಡಬ್ಯಾಡ್ರಿ ಅಂದ್ರು,” ಎಂದ ಒಬ್ಬ.

ಜೊತೆಗೆ ಅಚ್ಚಾದ ಒಂದು ಹಾಳೆ ಕೊಟ್ಟ. ‘ಗುರುಗಳ ಗರಡಿಯಲ್ಲಿ ಬೆಳೆದ ವಿಜ್ಞಾನ ಪ್ರಶಸ್ತಿ ವಿಜೇತರು’ ಎಂದು ಮೇಲೆ ದಪ್ಪಕ್ಷರ. ಹದಿನೇಳನೆಯ ಹೆಸರು ನನ್ನದು. ಎರಡು ಸಲ ಓದಿದೆ. ಹೈಸ್ಕೂಲಿನಲ್ಲಿ ನಾನು ಯಾವ ಪ್ರಶಸ್ತಿಯನ್ನೂ ಗೆದ್ದವಳಲ್ಲ. ಗೆಲ್ಲಲು ಬಿಡದವರು ಇದೇ ಗುರುಗಳು.

ಆಗಲಿ, ಬರೆಯುತ್ತೇನೆ ಎಂದೆ. ಬಂದವರಿಗೆ ಚಹಾ ಕೊಟ್ಟು ಕಳಿಸಿದೆ. ಅವರು ಗೇಟು ದಾಟುವ ಮೊದಲೇ ಏನು ಬರೆಯಬೇಕೆಂದು ತೀರ್ಮಾನಿಸಿಯಾಗಿತ್ತು. ಈ ಬರಹದಲ್ಲಿ ಲ್ಯಾಬಿನ ಜವಾನನಿಗೂ ಹೆಸರಿದೆ, ಬಾಳೆಹಣ್ಣು ಮಾರುವವರ ಮಗಳಿಗೂ ಹೆಸರಿದೆ. ಮೇಷ್ಟ್ರಿಗೆ ಮಾತ್ರ ಇಲ್ಲ. ಅದನ್ನು ಯಾರೂ ಗೌರವವೆಂದು ತಿಳಿಯಬೇಡಿ. ತನ್ನ ಹೆಸರು ಇರಬೇಕಾದ ಜಾಗದಲ್ಲಿ ಮೇಲಿಂದ ಕೆಳಗೆ ಬೆರಳಾಡಿಸಿ ಹುಡುಕಿ, ಸಿಗದೆ ಹಾಳೆ ಮಡಚುವುದು ಹೇಗಿರುತ್ತದೆಂದು ಅವರಿಗೂ ಒಮ್ಮೆ ಗೊತ್ತಾಗಬೇಕು.

ಮೊದಲು ಒಳ್ಳೆಯ ಮಾತು. ಕೇಳಿದ್ದಾರಲ್ಲ, ಕೊಡೋಣ.

ಪಾಠ ಮಾಡುವುದರಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ, ಆದರೂ ಸುಳ್ಳು ಬರೆಯಲಾರೆ. ಉದ್ದ, ತೆಳ್ಳನೆಯ ಆಳು. ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಡಸ್ಟರ್ ಹುಡುಕುವ ತಾಳ್ಮೆ ಇಲ್ಲದೆ ಅಂಗೈಯಿಂದಲೇ ಬೋರ್ಡು ಒರೆಸುತ್ತಿದ್ದರು. ಆ ಕೈಯನ್ನು ಪ್ಯಾಂಟಿಗೆ ಒರೆಸಿ ಒರೆಸಿ, ಮಧ್ಯಾಹ್ನದ ಹೊತ್ತಿಗೆ ಬಲತೊಡೆಯ ಮೇಲೆ ಐದು ಬೆರಳು ಬೆಳ್ಳಗೆ ಮೂಡಿರುತ್ತಿದ್ದವು. ಒಮ್ಮೆ ಶಾಲೆಯ ಹತ್ತಿರ ಮೂರು ದಾರಿ ಕೂಡುವಲ್ಲಿ ಯಾರೋ ಕುಂಕುಮ ಹಚ್ಚಿದ ನಿಂಬೆಹಣ್ಣು ಇಟ್ಟು ಹೋಗಿದ್ದರು. ಮಕ್ಕಳೆಲ್ಲ ಅದನ್ನು ಸುತ್ತುಬಳಸಿ ದೂರದಿಂದ ಬರುತ್ತಿದ್ದೆವು. ಅವರು ಅದನ್ನು ಎತ್ತಿ ತಂದರು, ತೊಳೆದರು, ಕ್ಲಾಸಿನಲ್ಲೇ ಶರಬತ್ತು ಮಾಡಿದರು. ಮೊದಲ ಲೋಟ ತಾವು ಕುಡಿದು ಎರಡನೆಯದನ್ನು ಮುಂದೆ ಚಾಚಿದರು.

“ಯಾರಿಗೆ ಧೈರ್ಯ ಐತಿ, ಬರ್ರಿ.”

ಹೋದವಳು ನಾನೊಬ್ಬಳೇ. ಸಕ್ಕರೆ ಕಡಿಮೆಯಾಗಿತ್ತು. ಮನೆಗೆ ಬಂದು ಹೇಳಿದಾಗ ಅವ್ವ ಬೆನ್ನಿಗೆ ಎರಡು ಬಿಟ್ಟಳು. ಅವತ್ತಿನಿಂದ ಅವರು ಹೇಳಿದ್ದೇ ನನಗೆ ವೇದವಾಯಿತು. ಅವರದೊಂದು ಮಾತಿತ್ತು: “ನಂಬಬ್ಯಾಡ, ತೂಗು.” ಯಾವ ಹುಡುಗ ಏನು ಹೇಳಿದರೂ, ಹಲ್ಲಿ ಬಿದ್ದರೆ ಕೇಡು ಎಂದರೂ, ಈ ಸೋಪು ಜಾಸ್ತಿ ನೊರೆ ಕೊಡುತ್ತದೆ ಎಂದರೂ, ಉತ್ತರ ಅದೇ. ಲ್ಯಾಬಿನ ಜವಾನ ಹನುಮಂತಪ್ಪನಿಂದ ಗಾಜಿನ ಪೆಟ್ಟಿಗೆಯ ತಕ್ಕಡಿಯ ಬೀಗ ತೆಗೆಸಿ, “ತೂಗು” ಎನ್ನುತ್ತಿದ್ದರು. ನಾನು ಇವತ್ತು ಯಾವ ಕೆಲಸದಲ್ಲಿ ಅನ್ನ ತಿನ್ನುತ್ತಿದ್ದೇನೋ ಅದು ಆ ತಕ್ಕಡಿಯಿಂದ ಬಂದದ್ದು. ಇದಕ್ಕಿಂತ ಒಳ್ಳೆಯ ಮಾತು ನನ್ನ ಹತ್ತಿರ ಇಲ್ಲ. ಇಲ್ಲಿಗೆ ಅದು ಮುಗಿಯಿತು.

ಅವರ ಖ್ಯಾತಿ ಇದ್ದದ್ದು ಪಾಠಕ್ಕಲ್ಲ, ಸ್ಪರ್ಧೆಗೆ. ಮಕ್ಕಳ ವಿಜ್ಞಾನ ಸಂಶೋಧನಾ ಸ್ಪರ್ಧೆ ಎಂದರೆ ಜಿಲ್ಲೆಯಲ್ಲಿ ಅವರ ಶಾಲೆಯೇ. ಸ್ಟಾಫ್ ರೂಮಿನ ಗೋಡೆಯ ತುಂಬ ಫೋಟೋ. ಪ್ರತಿ ಫೋಟೋದಲ್ಲೂ ಮಗು ಬೇರೆ, ಮೇಷ್ಟ್ರು ಅವರೇ. ಗೆಲ್ಲುವುದಕ್ಕೆ ಅವರು ಕಂಡುಕೊಂಡ ಒಂದು ಪದ್ಧತಿ ಇತ್ತು. ತರಗತಿಯಲ್ಲಿ ಮಕ್ಕಳನ್ನು ಎರಡು ಭಾಗ ಮಾಡುತ್ತಿದ್ದರು, ಕೆಲವರು ಕೈ, ಕೆಲವರು ಬಾಯಿ.

“ಕೆಲಸ ಮಾಡೋರಿಗೆ ಮಾತು ಬರಂಗಿಲ್ಲ, ಮಾತು ಬರೋರಿಗೆ ಕೆಲಸ ಬರಂಗಿಲ್ಲ. ಎರಡೂ ಕೂಡಿಸಿದ್ರ ಪ್ರಶಸ್ತಿ,” ಎನ್ನುತ್ತಿದ್ದರು. ಮುಚ್ಚುಮರೆ ಇರಲಿಲ್ಲ. ತಪ್ಪೆಂದು ಅನಿಸಿದ್ದರಲ್ಲವೇ ಮುಚ್ಚುವುದು.

ಹಳ್ಳಿಯಿಂದ ಬಸ್ಸಿಗೆ ಬರುವವರು ಕೈ. ಊರೊಳಗಿನ ಡಾಕ್ಟರು, ವಕೀಲರ ಮಕ್ಕಳು ಬಾಯಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಅವ್ವ ದಿನಾ ಹೇಳುತ್ತಿದ್ದಳು. ಆ ಕೈ, ಆ ಬಾಯಿ ಒಬ್ಬರದೇ ಎಂದು ನಾನು ತಿಳಿದಿದ್ದೆ.

ನಮ್ಮೂರು ಪಾಪಿನಾಯಕನಹಳ್ಳಿ. ಅಪ್ಪ ಅದಿರು ಲಾರಿಯ ಡ್ರೈವರು. ಆಗ ಸಂಡೂರಿನ ಕಡೆಯಿಂದ ಬರುವ ಲಾರಿಗಳಿಗೆ ಲೆಕ್ಕವೇ ಇರಲಿಲ್ಲ. ಮನೆಯ ಮುಂದಿನ ಬೇವಿನ ಮರ ಕೆಂಪು, ಒಣಗಲು ಹಾಕಿದ ಬಟ್ಟೆ ಕೆಂಪು, ಮುಚ್ಚಿಟ್ಟ ಕೊಡದ ನೀರಿನ ಮೇಲೂ ಕೆಂಪು ಕೆನೆ. ಒಂಬತ್ತನೆಯ ತರಗತಿಯಲ್ಲಿ ಒಂದು ದಿನ ನಾನು ಎದ್ದು ನಿಂತು, “ಸರ್, ನಮ್ಮ ಮನಿ ಮ್ಯಾಲೆ ದಿನಾ ಎಷ್ಟು ಧೂಳು ಬೀಳ್ತದಂತ ತೂಗಬಹುದೇನ್ರಿ?” ಎಂದು ಕೇಳಿದೆ. ಅವರು ಬೋರ್ಡು ಒರೆಸುವುದನ್ನು ನಿಲ್ಲಿಸಿದರು. ಬಿಳಿಯ ಕೈಯನ್ನು ನನ್ನ ತಲೆಯ ಮೇಲಿಟ್ಟರು. ಕೂದಲಿಗೆ ಹತ್ತಿದ ಸೀಮೆಸುಣ್ಣದ ಪುಡಿಯನ್ನು ಅವತ್ತು ಸಂಜೆಯವರೆಗೆ ಕೊಡವಿರಲಿಲ್ಲ.

ದಸರಾ ಮುಗಿದು ಮಳೆ ಹಿಂದೆ ಸರಿದ ಮೇಲೆ ಶುರು ಮಾಡಿದೆ. ಎರಡು ತಿಂಗಳು. ಬೆಳಿಗ್ಗೆ ಮಾಳಿಗೆ ಹತ್ತಿ ಅಗಲವಾದ ಸ್ಟೀಲಿನ ಊಟದ ತಟ್ಟೆಯಲ್ಲಿ ಒಂದು ಲೋಟ ನೀರು ಹಾಕಿ ಇಡುವುದು. ಬಿದ್ದ ಧೂಳನ್ನು ನೀರು ಹಿಡಿದುಕೊಳ್ಳುತ್ತದೆ, ಸಂಜೆಯೊಳಗೆ ಬಿಸಿಲಿಗೆ ನೀರು ಆರಿ ಧೂಳು ಉಳಿಯುತ್ತದೆ. ಅದನ್ನು ಹಳೆಯ ಮದುವೆ ಕಾರ್ಡಿನ ತುಂಡಿನಿಂದ ಕೆರೆದು ಪೊಟ್ಟಣ ಕಟ್ಟಿ ತಾರೀಖು ಬರೆಯುವುದು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಹನುಮಂತಪ್ಪ ಬೀಗ ತೆಗೆಯುತ್ತಿದ್ದ, ನಾನು ತೂಗುತ್ತಿದ್ದೆ. ಮನೆಯಲ್ಲಿದ್ದ ಅಗಲದ ತಟ್ಟೆ ಅದೊಂದೇ, ಅಪ್ಪನದು. ಅದು ಮಾಳಿಗೆ ಹತ್ತಿದಂದಿನಿಂದ ಅಪ್ಪ ಪಾತ್ರೆಯ ಮುಚ್ಚಳದಲ್ಲಿ ಉಣ್ಣುತ್ತಿದ್ದ. ಸಾರು ಅಂಚಿನಿಂದ ಹರಿದು ಪಂಚೆಯ ಮೇಲೆ ಬೀಳುತ್ತಿತ್ತು.

“ಹಗಲೆಲ್ಲ ನಿಮ್ಮಪ್ಪ ಧೂಳು ಎಬ್ಬಸ್ತಾನ, ಸಂಜೀಕ ನೀ ಅದನ್ನ ತೂಗ್ತಿ. ಅಪ್ಪ ಮಗಳು ಭಾಳ ಚಂದ ಅದೀರಿ,” ಎಂದು ಅವ್ವ ನಗುತ್ತಿದ್ದಳು.

ಆ ಎರಡು ತಿಂಗಳಲ್ಲಿ ಎರಡು ಅಮಾವಾಸ್ಯೆ ಬಂದವು, ದೀಪಾವಳಿಯದು ಒಂದು, ಛಟ್ಟಿ ಅಮಾವಾಸ್ಯೆ ಇನ್ನೊಂದು. ಅಮಾವಾಸ್ಯೆಯ ದಿನ ನಮ್ಮ ರಸ್ತೆಯ ಡ್ರೈವರುಗಳು ಗಾಡಿ ಹೊರಡಿಸುತ್ತಿರಲಿಲ್ಲ. ಲಾರಿ ತೊಳೆದು, ಹೂವಿನ ಹಾರ ಹಾಕಿ, ನಿಂಬೆಹಣ್ಣು ಕಟ್ಟಿ, ತೆಂಗಿನಕಾಯಿ ಒಡೆದು ಮನೆಯಲ್ಲಿ ಮಲಗುತ್ತಿದ್ದರು. ಆ ಎರಡು ಸಂಜೆ ತಟ್ಟೆಯಲ್ಲಿ ಕೆರೆಯಲು ಏನೂ ಇರಲಿಲ್ಲ ಎನ್ನಬೇಕು. ಬೇರೆ ದಿನದ ಕಾಲುಭಾಗವೂ ಆಗಲಿಲ್ಲ. ಎರಡನೆಯ ಸಲ ಹಾಗಾದಾಗ ನಾನು ಮಾಳಿಗೆಯ ಮೇಲೆ ಒಬ್ಬಳೇ ಕುಣಿದೆ. ಲಾರಿ ನಿಂತರೆ ಧೂಳು ನಿಲ್ಲುತ್ತದೆ ಎಂದು ಇಡೀ ಊರು ಹೇಳುತ್ತಿತ್ತು. ತೂಗಿ ತೋರಿಸಿದವಳು ನಾನು.

ಡಿಸೆಂಬರಿನಲ್ಲಿ ನನ್ನ ನೋಟ್ ಬುಕ್ಕನ್ನು ಅವರ ಮುಂದಿಟ್ಟೆ. ಅವರು ಗ್ರಾಫ್ ಬರೆದರು. ಎರಡು ಕಡೆ ಗೆರೆ ಪಾತಾಳಕ್ಕೆ ಇಳಿದಿತ್ತು.

“ಇವೆರಡು ದಿನ ತೂಗೋದ್ರಾಗ ತಪ್ಪಿದಿ.”

“ಇಲ್ರಿ ಸರ್. ಅವತ್ತು ಅಮಾಸಿ ರೀ.”

ಅವರ ಮುಖ ಬದಲಾಯಿತು. ಅವರು ಸಿಟ್ಟಾಗಲಿಲ್ಲ. ಬೇಸರಪಟ್ಟುಕೊಂಡರು. ಶರಬತ್ತು ಕುಡಿದ ಹುಡುಗಿಯೂ ಕೊನೆಗೆ ಹೀಗಾದಳಲ್ಲ ಎಂಬಂಥ ಬೇಸರ.

“ಸೈನ್ಸಿನಾಗ ಅಮಾಸಿ ಹುಣ್ಣಿವಿ ತರಬ್ಯಾಡವಾ. ಧೂಳಿಗೆ ಅಮಾಸಿ ಗೊತ್ತಾಗ್ತದೇನು?”

“ಧೂಳಿಗಲ್ರಿ ಸರ್, ಡ್ರೈವರ್‌ಗಳು...” ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕೆಂಪು ಪೆನ್ನಿನಿಂದ ಆ ಎರಡು ಅಂಕಿ ಹೊಡೆದುಹಾಕಿ, ಹಿಂದಿನ ದಿನದ್ದು ಮುಂದಿನ ದಿನದ್ದು ಕೂಡಿಸಿ ಅರ್ಧ ಮಾಡಿ ತುಂಬಿದರು. ಗೆರೆ ನೆಟ್ಟಗಾಯಿತು. ಇಪ್ಪತ್ತು ವರ್ಷ ಮೂಢನಂಬಿಕೆಯ ಮೇಲೆ ಭಾಷಣ ಮಾಡಿದ ಮನುಷ್ಯ. ಅಮಾವಾಸ್ಯೆ ಎಂಬ ಮಾತು ಕೇಳಿದೊಡನೆ ಕಿವಿ ಮುಚ್ಚಿಕೊಂಡರು. ಲಾರಿ ಡ್ರೈವರನ ಮಗಳು ಲಾರಿಯ ಬಗ್ಗೆ ಹೇಳುತ್ತಿದ್ದಾಳೆಂದು ಅವರಿಗೆ ಹೊಳೆಯಲಿಲ್ಲ. ತೂಗು ಎಂದವರು ತೂಗಿದ್ದನ್ನು ನಂಬಲಿಲ್ಲ.

ಆಮೇಲೆ ಬಾಯಿಯನ್ನು ಕರೆಸಿದರು. ಅವಳು ಡಾಕ್ಟರ ಮಗಳು ಶ್ವೇತಾ. ದಾಖಲೆ ಸ್ವಂತ ಅಕ್ಷರದಲ್ಲಿರಬೇಕೆಂಬುದು ಸ್ಪರ್ಧೆಯ ನಿಯಮ. ಅವಳು ಎರಡು ದಿನ ಸ್ಟಾಫ್ ರೂಮಿನಲ್ಲಿ ಕುಳಿತು ನನ್ನ ಎರಡು ತಿಂಗಳನ್ನು ನಕಲು ಮಾಡಿದಳು. ನಡುನಡುವೆ ಅಕ್ಷರ ಗೊತ್ತಾಗದೆ ನನ್ನನ್ನೇ ಕೇಳುತ್ತಿದ್ದಳು, ನಾನು ಓದಿ ಹೇಳುತ್ತಿದ್ದೆ. ಪಾಪದ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಅರ್ಜಿಯಲ್ಲಿ ನನ್ನ ಹೆಸರು ಎಲ್ಲಿ ಬರುತ್ತದೆಂದು ನಾನು ಮೇಷ್ಟ್ರನ್ನು ಕೇಳಿದೆ.

“ಒಂದ ಹೆಸರು ಹಾಕೋದವಾ. ಅದೂ ನಿನ್ನ ಹೆಸರು ಸ್ಟೇಜಿಗೆ ಒಗ್ಗಂಗಿಲ್ಲ,” ಎಂದರು. ನಗುತ್ತಲೇ ಅಂದರು. ತಮಾಷೆ ಎಂದುಕೊಂಡು ನಾನೂ ನಕ್ಕೆ. ಆ ನಗುವಿಗೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಜಿಲ್ಲೆಯಲ್ಲಿ ಮೊದಲನೆಯ ಬಹುಮಾನ ಬಂತು, ರಾಜ್ಯದಲ್ಲೂ ಒಂದು ಪ್ರಶಸ್ತಿ. ಪೇಪರಿನಲ್ಲಿ ಫೋಟೋ. ಶ್ವೇತಾ ಹೊಸ ತಟ್ಟೆ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಇವರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಲು ಹೋಟೆಲಿಗೆ ಹೋದ ಅಪ್ಪ ಆ ಪೇಪರನ್ನು ಕೇಳಿ ತಂದಿದ್ದ. ನಿನ್ನ ಹೆಸರು ಎಲ್ಲಿದೆ ಓದು ಎಂದ. ನಾನು ಮೇಲಿಂದ ಕೆಳಗೆ ಬೆರಳಾಡಿಸಿದೆ. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಫೋಟೋ ನೋಡಲು ಬರುತ್ತಿತ್ತು.

“ಇದು ನಮ್ಮ ತಾಟಲ್ಲ,” ಎಂದ. ಮಾಳಿಗೆ ಹತ್ತಿ, ತೂಗುವುದು ಮುಗಿದರೂ ಅಲ್ಲೇ ಉಳಿದಿದ್ದ ತನ್ನ ತಟ್ಟೆ ಇಳಿಸಿಕೊಂಡು ಬಂದು, ತೊಳೆದು, ಅದರಲ್ಲಿ ಉಂಡ.

ರಾಷ್ಟ್ರಮಟ್ಟಕ್ಕೆ ಮಾತ್ರ ಆಯ್ಕೆಯಾಗಲಿಲ್ಲ. ತೀರ್ಪುಗಾರರೊಬ್ಬರು ಶ್ವೇತಾಳನ್ನು ಕೇಳಿದರಂತೆ, ಲಾರಿ ಓಡದ ದಿನ ಧೂಳೆಷ್ಟು, ಹೋಲಿಸಿ ನೋಡಿದಿರಾ ಎಂದು. ಅಂಥ ದಿನವೇ ಇರಲಿಲ್ಲ ಎಂದಳಂತೆ. ವಾಪಸು ಬಂದ ಮೇಲೆ ಮೇಷ್ಟ್ರು ನನ್ನನ್ನು ಸ್ಟಾಫ್ ರೂಮಿಗೆ ಕರೆದು, ಎಲ್ಲರ ಮುಂದೆ, “ಎರಡು ತಿಂಗಳೂ ಒಂದೇ ನಮೂನಿ ತೂಕ ತಂದೀಯಲ್ಲ, ಅದಕ್ಕ ಹೋತು,” ಎಂದರು. ಕೆಂಪು ಪೆನ್ನು ಅವರ ಜೇಬಿನಲ್ಲಿಯೇ ಇತ್ತು. ಹನುಮಂತಪ್ಪ ಬಾಗಿಲಲ್ಲಿ ನಿಂತಿದ್ದ, ಅವನಿಗೆ ಎಲ್ಲ ಗೊತ್ತಿತ್ತು, ತಲೆ ತಗ್ಗಿಸಿದ. ಹೆಸರು ಕದ್ದದ್ದನ್ನು ಒಂದು ವೇಳೆ ನುಂಗಿಕೊಳ್ಳುತ್ತಿದ್ದೆನೇನೋ. ಅವರ ತಪ್ಪನ್ನು ನನ್ನ ತಲೆಗೆ ಕಟ್ಟಿದ್ದನ್ನು ನುಂಗಲಿಲ್ಲ. ಹದಿನಾಲ್ಕು ವರ್ಷದ ಹುಡುಗಿ ಇವರಿಗೆ ಒಂದಲ್ಲ ಒಂದು ದಿನ ತೋರಿಸುತ್ತೇನೆ ಎಂದು ಮನಸ್ಸಿನಲ್ಲಿ ಹಲ್ಲು ಕಡಿದಳು. ಆಮೇಲೆ ಓದಿದ್ದೆಲ್ಲ ಆ ಹಟದಿಂದಲೇ. ವಿದ್ಯೆಯ ಮೇಲಿನ ಪ್ರೀತಿಯಿಂದ ಓದಿದೆ ಎಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹೇಳುತ್ತೇನೆ, ಅದು ಸುಳ್ಳು.

ಆ ದಿನ ಬಂದದ್ದು ಎರಡು ವರ್ಷದ ಹಿಂದೆ. ಜಿಲ್ಲಾ ಮಟ್ಟದ ಸ್ಪರ್ಧೆಗೆ ನಾನು ತೀರ್ಪುಗಾರಳು. ಪಟ್ಟಿಯಲ್ಲಿ ನಮ್ಮ ಶಾಲೆಯ ಹೆಸರು ಕಂಡಾಗ ಹಬ್ಬದ ದಿನದ ಹಸಿವಾಯಿತು. ಅವರ ತಂಡದ ಬಾಯಿ ಆದಿತ್ಯ ಎಂಬ ಟೈ ಕಟ್ಟಿದ ಹುಡುಗ. ವಿಷಯ, ಬಾಳೆಕಾಯಿಯನ್ನು ಹುಲ್ಲಿನಲ್ಲಿ, ಗೋಣಿಯಲ್ಲಿ, ಅಕ್ಕಿಯಲ್ಲಿ ಮುಚ್ಚಿಟ್ಟರೆ ಯಾವುದರಲ್ಲಿ ಬೇಗ ಮಾಗುತ್ತದೆ ಎಂಬುದು. ಸುಂದರ ಚಾರ್ಟು, ನೆಟ್ಟನೆಯ ಗೆರೆಗಳು. ಮೇಷ್ಟ್ರು ನನ್ನನ್ನು ನೋಡಿ ಕೈ ಮುಗಿದರು. ಗುರುತು ಸಿಗಲಿಲ್ಲ.

ದಾಖಲೆಯ ಪುಸ್ತಕ ತಿರುಗಿಸಿದೆ. ಒಂದೇ ಶಾಯಿ, ಒಂದೇ ಒತ್ತು, ಒಂದು ಕಲೆಯಿಲ್ಲ. ಬಾಳೆಹಣ್ಣು ಮುಟ್ಟಿದ ಕೈ ಬರೆದ ಪುಸ್ತಕ ಅಲ್ಲವೆಂದು ಯಾರಿಗಾದರೂ ಗೊತ್ತಾಗುತ್ತಿತ್ತು.

“ಎಷ್ಟು ಹಣ್ಣು ಕೊಳೆತ್ವಪ್ಪಾ?”

“ಯಾವುದೂ ಕೊಳೆಯಲಿಲ್ಲ ಮ್ಯಾಮ್.”

ಮೇಜಿನ ಹಿಂದೆ ಬುಟ್ಟಿ ಹಿಡಿದು ಕುಳಿತಿದ್ದ ಒಂದು ಹುಡುಗಿ ತುಟಿ ಕಚ್ಚಿ ಕೆಳಗೆ ನೋಡಿದಳು. ಅವಳನ್ನು ಮುಂದೆ ಕರೆದೆ. ಹೆಸರು ಹುಲಿಗೆಮ್ಮ. ಕಡ್ಡಿರಾಂಪುರದವಳು. ಅವರವ್ವ ಹಂಪಿಗೆ ಹೋಗುವ ದಾರಿಯಲ್ಲಿ ಬಾಳೆಹಣ್ಣು ಮಾರುತ್ತಾಳೆ.

“ಹನ್ನೊಂದು ಕೊಳೆತಿದ್ವು ರೀ,” ಎಂದಳು. “ಎಲ್ಲಾ ಗೋಣಿ ಒಳಗಿನವು. ಗೋಣಿ ಹಸಿ ಇತ್ರಿ. ಸರ್ ಅವನ್ನ ಬಿಡು ಅಂದ್ರು, ಚಾರ್ಟು ಹೊಲಸಾಗ್ತದಂತ.”

ನಾನು ಹಾಳೆಯ ಮೇಲೆ ‘ದಾಖಲೆ ತಿದ್ದಲಾಗಿದೆ’ ಎಂದು ಬರೆದು ತಂಡವನ್ನು ಹೊರಗಿಟ್ಟೆ. ಮೇಷ್ಟ್ರು ಬೆನ್ನಟ್ಟಿ ಬಂದರು. “ಮೇಡಂ, ಮಕ್ಕಳ ಭವಿಷ್ಯ ಐತ್ರಿ. ಸ್ವಲ್ಪ ನೋಡ್ರಿ.”

“ನಾನು ದುರ್ಗಮ್ಮ, ಸರ್.”

ಅವರು ನನ್ನ ಮುಖ ನೋಡಿದರು. ನಿಜವಾಗಿ ನೆನಪಿಸಿಕೊಳ್ಳಲು ಪ್ರಯತ್ನಪಟ್ಟರು.

“ಯಾವ ದುರ್ಗಮ್ಮ?”

ನಾನು ಇಷ್ಟು ವರ್ಷ ಕಾಯ್ದುಕೊಂಡು ಬಂದ ಸಿಟ್ಟಿಗೆ ಆ ಕಡೆ ಯಾರೂ ಇರಲಿಲ್ಲ. “ಪಾಪಿನಾಯಕನಹಳ್ಳಿ. ಧೂಳು. ಅಮಾಸಿ,” ಎಂದೆ. ಆಗ ಅವರ ಕಣ್ಣು ಸಣ್ಣಗಾಯಿತು, ಕೈ ತಾನಾಗಿ ತೊಡೆಯ ಮೇಲೆ ಒರೆಸಿಕೊಂಡಿತು. ಅಲ್ಲಿಂದ ಹೊರಟುಹೋದರು. ನನಗೆ ಸಂತೋಷವಾಯಿತು. ಆಗಲಿಲ್ಲ ಎಂದು ಬರೆದರೆ ಓದುವವರು ನನ್ನನ್ನು ದೊಡ್ಡ ಮನಸ್ಸಿನವಳು ಎನ್ನುತ್ತಾರೆ, ಬೇಡ. ಆಯಿತು, ಭಾಳ ಆಯಿತು.

ಸಂಜೆ ಗೇಟಿನ ಹತ್ತಿರ ಹುಲಿಗೆಮ್ಮ ಖಾಲಿ ಬುಟ್ಟಿ ಹಿಡಿದು ಬಸ್ಸಿಗೆ ಕಾಯುತ್ತಿದ್ದಳು. ಅತ್ತು ಕಣ್ಣು ಊದಿತ್ತು. “ನಾ ಬಾಯಿ ಮುಚ್ಚಿಕೊಂಡಿದ್ರ ನಮ್ಮ ಸಾಲಿಗೆ ಬರ್ತಿತ್ರಿ ಬಹುಮಾನ,” ಎಂದಳು. ನನ್ನ ಸೇಡಿನ ಪೆಟ್ಟು ಮೊದಲು ಬಿದ್ದದ್ದು ಯಾರ ಬೆನ್ನಿಗೆಂದು ಆಗ ಕಂಡಿತು. ಸಮಾಧಾನ ಹೇಳಲು ನನಗೆ ಬರುವುದಿಲ್ಲ. “ಮುಂದಿನ ವರ್ಷ ನಿನ್ನ ಹೆಸರಲ್ಲೇ ಬಾ. ಕೊಳೆತ ಹನ್ನೊಂದೂ ತಗೊಂಡು ಬಾ,” ಎಂದೆ. ಅವಳು ತಲೆಯಾಡಿಸಿದಳೋ ಇಲ್ಲವೋ ನೆನಪಿಲ್ಲ, ಬಸ್ಸು ಬಂತು.

ಮುಂದಿನ ವರ್ಷ ಬಂದಳು. ಗಣಿತದ ರೇಣುಕಾ ಟೀಚರು ಮಾರ್ಗದರ್ಶಕಿ. ನಾನು ತೀರ್ಪುಗಾರಳಾಗಲು ಒಪ್ಪದೆ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅವಳ ಚಾರ್ಟಿನ ನಟ್ಟನಡುವೆ ಕಪ್ಪಾದ ಹನ್ನೊಂದು ಹಣ್ಣಿನ ಫೋಟೋ. ಹಸಿ ಗೋಣಿ ಏಕೆ ಕೊಳೆಸುತ್ತದೆ ಎಂಬುದೇ ಅವಳ ಸಂಶೋಧನೆಯಾಗಿತ್ತು. ಮಾತಾಡುವಾಗ ತಡವರಿಸಿದಳು, ಎರಡು ಸಲ ನೀರು ಕುಡಿದಳು. ಮೊದಲನೆಯ ಬಹುಮಾನಕ್ಕೆ ಹುಲಿಗೆಮ್ಮ ಎಂಬ ಹೆಸರು ಸ್ಟೇಜಿನ ಮೈಕಿನಲ್ಲಿ ಸರಿಯಾಗಿಯೇ ಕೇಳಿಸಿತು.

ನೀವು ಕೊಟ್ಟ ಹಾಳೆಯಲ್ಲಿ ಹದಿನೆಂಟನೆಯ ಹೆಸರು ಅವಳದು. ‘ಗುರುಗಳ ಗರಡಿ’ಯಂತೆ.

ಆದ್ದರಿಂದ ಸಮಿತಿಯವರಲ್ಲಿ ನನ್ನ ವಿನಂತಿ. ಹದಿನೇಳನ್ನೂ ಹದಿನೆಂಟನ್ನೂ ಹೊಡೆದುಹಾಕಿ. ಹುಲಿಗೆಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ, “ತೆಗೀಲಿ ರೀ” ಎಂದಳು. ಕೆಂಪು ಪೆನ್ನು ಇಲ್ಲದಿದ್ದರೆ ಮೇಷ್ಟ್ರ ಜೇಬಿನಲ್ಲಿ ಸಿಗುತ್ತದೆ. ಹೆಸರು ಬೇಕಾದಾಗ ಕೊಡದೆ, ತಮಗೆ ಬೇಕಾದಾಗ ಎತ್ತಿಕೊಳ್ಳುವುದಕ್ಕೆ ಅದು ದಾರಿಯ ಮೇಲಿನ ನಿಂಬೆಹಣ್ಣಲ್ಲ. ಈ ಬರಹವನ್ನು ನೀವು ಅಚ್ಚು ಮಾಡುವುದಿಲ್ಲವೆಂದು ನನಗೆ ಗೊತ್ತು. ಅದಕ್ಕೇ ಇದರ ಒಂದು ಪ್ರತಿಯನ್ನು ನೇರವಾಗಿ ಅವರ ಮನೆಗೂ ಕಳಿಸಿದ್ದೇನೆ.

ಅದರ ಜೊತೆ ಶಾಲು ಹಾರದ ಬದಲಿಗೆ ಎರಡು ಪೊಟ್ಟಣ ಇಟ್ಟಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಊರಿನ ಮನೆಯಿಂದ ನಾನು ತಂದದ್ದು ಅವನ ತಟ್ಟೆ ಮತ್ತು ಇವು. ಕಾಗದ ಹಳದಿಯಾಗಿದೆ, ತಾರೀಖು ನನ್ನ ಒಂಬತ್ತನೆಯ ತರಗತಿಯ ಅಕ್ಷರದಲ್ಲಿದೆ. ಒಂದು ದೀಪಾವಳಿ ಅಮಾವಾಸ್ಯೆ, ಒಂದು ಛಟ್ಟಿ ಅಮಾವಾಸ್ಯೆ. ಒಳಗೆ ಹೆಚ್ಚೇನೂ ಇಲ್ಲ, ಬಿಚ್ಚುವಾಗ ಫ್ಯಾನು ಆರಿಸಿ.

ನಂಬಬ್ಯಾಡ್ರಿ ಸರ್. ತೂಗ್ರಿ.

ದುರ್ಗಮ್ಮ
ಒಂಬತ್ತನೆಯ ತರಗತಿ